ಹಾವು ಕಚ್ಚಿದ ಕಾಲಿಗೆ ಹಗ್ಗ ಬೇಡ, ದಬ್ಬೆ ಬೇಕು

ಚಾರಣಕ್ಕೆ ಹೊರಡುವವರಲ್ಲಿ ಬಹಳ ಜನ ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ಮರೆಯದೆ ಇಟ್ಟುಕೊಳ್ಳುತ್ತಾರೆ. ಬ್ಯಾಂಡೇಜು, ಡೆಟಾಲು, ಪ್ಯಾರಾಸಿಟಮಾಲು, ಕೆಲವರ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ವಿಷ ಹೀರುವ ಪಂಪು ಕೂಡ. ಹಾವು ಕಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳಿ ನೋಡಿ. ಮೇಲ್ಗಡೆ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ರಕ್ತ ಹೀರಿ ಉಗಿಯುವುದು. ಓದಿದವರು, ಓದದವರು ಎಂಬ ಭೇದವಿಲ್ಲದೆ ಇದೇ ಉತ್ತರ. ಮೂರೂ ತಪ್ಪು, ಮೂರೂ ಅಪಾಯ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂಬ ಅಂದಾಜಿದೆ. ಇಂಥ ದೇಶದಲ್ಲಿ ನಾವು ಇನ್ನೂ ಹಗ್ಗ ಹುಡುಕುತ್ತಿದ್ದೇವೆ ಎನ್ನುವುದು ನನ್ನನ್ನು ಬಹಳ ಕಾಡುತ್ತದೆ.

ಹಗ್ಗ ಯಾಕೆ ಬೇಡ ಎಂದು ತಿಳಿಯಬೇಕಾದರೆ ವಿಷ ಮೈಯೊಳಗೆ ಹಿಡಿಯುವ ದಾರಿಯನ್ನು ನೋಡಬೇಕು. ಹಾವಿನ ಹಲ್ಲು ರಕ್ತನಾಳಕ್ಕೇ ತಾಗುವುದು ಅಪರೂಪ. ವಿಷ ಬೀಳುವುದು ಚರ್ಮದ ಕೆಳಗಿನ ಮೆತ್ತನೆಯ ಪದರಕ್ಕೆ, ಕೆಲವೊಮ್ಮೆ ಸ್ನಾಯುವಿಗೆ. ನಾಗರಹಾವಿನ ವಿಷದಲ್ಲಿರುವ ಕೆಲವು ಪುಟ್ಟ ಅಣುಗಳು ಅಲ್ಲಿಂದ ಸೀದಾ ರಕ್ತಕ್ಕೆ ನುಸುಳಬಲ್ಲವು. ಆದರೆ ವಿಷದ ದೊಡ್ಡ ಪ್ರೋಟೀನುಗಳಿಗೆ ಲೋಮನಾಳದ, ಅಂದರೆ ತೀರಾ ಸಣ್ಣ ರಕ್ತನಾಳದ, ಗೋಡೆ ದಾಟುವುದು ಕಷ್ಟ. ಅವುಗಳ ಹಾದಿಯೇ ಬೇರೆ: ದುಗ್ಧನಾಳ.

ಈ ನಾಳಗಳು ವೈದ್ಯರ ಕಣ್ಣಿಗೆ ಬಿದ್ದ ಕಥೆ ಸ್ವಾರಸ್ಯದ್ದು. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯೊಂದರ ಹೊಟ್ಟೆ ಸೀಳಿ ನೋಡುತ್ತಿದ್ದ. ಕರುಳಿನ ಸುತ್ತ ಬಿಳಿ ಎಳೆಗಳು ಕಂಡವು. ನರಗಳಿರಬೇಕೆಂದು ಭಾವಿಸಿ ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಹೊರಬಂತು. ಅಂಥ ನಾಳಗಳು ಮೈತುಂಬ ಹರಡಿವೆ ಎಂದು ಗೊತ್ತಾಗಲು ಇನ್ನೂ ಕೆಲವು ದಶಕ ಬೇಕಾಯಿತು. ಅಂಗಾಂಶಗಳ ನಡುವೆ ಸೋರಿ ನಿಂತ ದ್ರವವನ್ನೂ ರಕ್ತನಾಳಕ್ಕೆ ಹೋಗಲಾರದ ದೊಡ್ಡ ಅಣುಗಳನ್ನೂ ಬಾಚಿಕೊಂಡು, ಕೊನೆಗೆ ಕತ್ತಿನ ಬುಡದ ದೊಡ್ಡ ರಕ್ತನಾಳಗಳಿಗೆ ಸುರಿಯುವುದೇ ಅವುಗಳ ಕೆಲಸ.

ಈಗ ನನ್ನನ್ನು ಯಾವಾಗಲೂ ಬೆರಗುಗೊಳಿಸುವ ಸಂಗತಿಗೆ ಬರುತ್ತೇನೆ. ರಕ್ತವನ್ನು ತಳ್ಳಲು ಹೃದಯವಿದೆ. ದುಗ್ಧನಾಳದಲ್ಲಿ ಹರಿಯುವ ದ್ರವಕ್ಕೆ, ಅಂದರೆ ದುಗ್ಧರಸಕ್ಕೆ, ಅಂಥದೊಂದಿಲ್ಲ. ನಾಳದ ಗೋಡೆ ತಾನಾಗಿ ಮೆಲ್ಲನೆ ಹಿಂಡಿಕೊಳ್ಳುವುದುಂಟು, ಆದರೆ ಕೈಕಾಲಿನಲ್ಲಿ ಹರಿವಿಗೆ ಜೋರು ಬರುವುದು ಸುತ್ತಲಿನ ಸ್ನಾಯು ಬಿಗಿದು ಸಡಿಲಗೊಂಡಾಗ. ಒಳಗೆ ಒಮ್ಮುಖದ ಕವಾಟಗಳಿರುವುದರಿಂದ ಮೇಲೆ ಹೋದದ್ದು ಕೆಳಗಿಳಿಯದು. ಹಳ್ಳಿಯ ಬೋರ್‌ವೆಲ್ಲಿನ ಕೈಪಂಪು ಕೆಲಸ ಮಾಡುವುದೂ ಹೀಗೆಯೇ: ಹಿಡಿ ಒತ್ತಿದಷ್ಟು ನೀರು ಮೇಲೇರುತ್ತದೆ, ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಹಾವು ಕಚ್ಚಿದ ಮೇಲೆ ಹಾಕುವ ಒಂದೊಂದು ಹೆಜ್ಜೆಯೂ ಆ ಹಿಡಿಯನ್ನು ಒಂದೊಂದು ಸಲ ಒತ್ತಿದ ಹಾಗೆ.

ಆಸ್ಟ್ರೇಲಿಯಾದ ಸ್ಟ್ರುವಾನ್ ಸದರ್ಲೆಂಡ್ 1979ರಲ್ಲಿ ಮುಂದಿಟ್ಟ ವಿಧಾನ ನಿಂತಿರುವುದು ಇದರ ಮೇಲೆಯೇ. ಇಡೀ ಕೈಗೋ ಕಾಲಿಗೋ ಅಗಲ ಬ್ಯಾಂಡೇಜು ಸುತ್ತಿ, ಅಲುಗದಂತೆ ಹಲಗೆ ಕಟ್ಟುವುದು. ಅಲ್ಲಿ ನಾಗರಹಾವಿನ ಕುಟುಂಬದ ಹಾವುಗಳೇ ಹೆಚ್ಚಾದ್ದರಿಂದ ಅದು ಒಗ್ಗಿತು. ನಮ್ಮಲ್ಲಿ ಕೊಳಕುಮಂಡಲವಿದೆ. ಅದರ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಒತ್ತಿ ಅಲ್ಲೇ ಹಿಡಿದಿಟ್ಟರೆ ಹಾನಿ ಹೆಚ್ಚಬಹುದು. ಅದೂ ಅಲ್ಲದೆ ಬ್ಯಾಂಡೇಜಿನ ಒತ್ತಡ ಹದವಾಗಿರಬೇಕು, ಆ ಹದ ತರಬೇತಿಯಿಲ್ಲದ ಕೈಗೆ ಸಿಗುವುದಿಲ್ಲ. 1994ರಲ್ಲಿ ಆಸ್ಟ್ರೇಲಿಯಾದವರೇ ಪರೀಕ್ಷಿಸಿದಾಗ, ಸರಿಯಾಗಿ ಸುತ್ತಿದ್ದರೂ ಆ ಕಾಲಿನಲ್ಲಿ ನಡೆದಾಡಿದರೆ ದುಗ್ಧರಸ ಮೇಲೇರಿಯೇ ಏರುತ್ತದೆ ಎಂದು ಕಂಡಿತು. ಹೀಗಾಗಿ ನಮ್ಮ ಕಾಡುಗಳಿಗೆ ನಾನು ಒಂದನ್ನೇ ಒತ್ತಿ ಹೇಳುತ್ತೇನೆ: ಕಾಲನ್ನು ಅಲುಗಾಡಿಸಬೇಡಿ.

ಬಿಗಿ ಹಗ್ಗದ ಕಥೆ ಬೇರೆ. ಅದು ದುಗ್ಧರಸದ ಜೊತೆಗೆ ರಕ್ತವನ್ನೂ ತಡೆಯುತ್ತದೆ. ಕತ್ತಿಯೇಟಿಗೆ ರಕ್ತ ಚಿಮ್ಮುತ್ತಿದ್ದರೆ ಅದೇ ಕಟ್ಟು ಜೀವ ಉಳಿಸುತ್ತದೆ. ಹಾವು ಕಚ್ಚಿದಾಗ ಹಾಗೆ ಕಟ್ಟಿ ಗಂಟೆಗಟ್ಟಲೆ ಬಿಟ್ಟರೆ ಕಾಲೇ ಹೋಗಬಹುದು. ಬಿಚ್ಚಿದ ಗಳಿಗೆಯಲ್ಲಿ ತಡೆದಿದ್ದ ವಿಷವೆಲ್ಲ ಒಟ್ಟಿಗೆ ನುಗ್ಗಿ ಉಸಿರು ನಿಂತದ್ದೂ, ರಕ್ತದೊತ್ತಡ ಕುಸಿದದ್ದೂ ಉಂಟು. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ. ಆಸ್ಪತ್ರೆಯಲ್ಲಿ ಔಷಧಿ ಸಿದ್ಧವಿಟ್ಟುಕೊಂಡು ವೈದ್ಯರು ಬಿಚ್ಚಲಿ.

ಕೊಯ್ಯುವುದಂತೂ ಇನ್ನೂ ಕೆಟ್ಟದ್ದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಒಂದೇ ಸಮನೆ ಕೆರಳಿಸಿ ಖರ್ಚು ಮಾಡಿ ಮುಗಿಸುತ್ತದೆ. ಆಮೇಲೆ ಸಣ್ಣ ಗಾಯದಿಂದಲೂ ರಕ್ತ ನಿಲ್ಲುವುದಿಲ್ಲ. ಇದೇ ಗುಣವನ್ನು ಹಿಡಿದು 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಕೊಳಕುಮಂಡಲದ ವಿಷವನ್ನು ಬಹಳ ತೆಳುವಾಗಿಸಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳ ಗಾಯದ ಮೇಲಿಟ್ಟು ರಕ್ತ ನಿಲ್ಲಿಸಿದರು! ಗಾಯದ ಮೇಲೆ ಹನಿಯಷ್ಟು ಬಿದ್ದರೆ ಹೆಪ್ಪು, ಮೈತುಂಬ ಹರಡಿದರೆ ಹೆಪ್ಪೇ ಇಲ್ಲ. ಅಂಥ ರಕ್ತವಿರುವವರ ಕಾಲನ್ನು ಬ್ಲೇಡಿನಿಂದ ಸೀಳುವುದೆಂದರೇನು, ಯೋಚಿಸಿ.

ಹೀರುವ ಪಂಪಿನ ವಿಚಾರಕ್ಕೆ ಹೆಚ್ಚು ಮಾತು ಬೇಡ. 2004ರಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರ ಕಾಲಿಗೆ ನಿರಪಾಯಕಾರಿ ನಕಲಿ ವಿಷ ಚುಚ್ಚಿ ಪಂಪಿನಿಂದ ಎಳೆದು ನೋಡಿದರು. ಬಂದ ದ್ರವದಲ್ಲಿ ನಕಲಿ ವಿಷ ಇತ್ತೋ ಇಲ್ಲವೋ ಎನ್ನುವಷ್ಟು, ಸಾವಿರಕ್ಕೆ ಒಂದು ಪಾಲೂ ಅಲ್ಲ. ವಿಷ ಹೀರುವ ಕಲ್ಲಿಗೂ ಇದೇ ಗತಿ. ಭಾರತದಿಂದ ಯುರೋಪಿಗೆ ಹೋದ ಆ ಕಲ್ಲುಗಳನ್ನು 17ನೇ ಶತಮಾನದಲ್ಲೇ ಇಟಲಿಯ ಫ್ರಾನ್ಸೆಸ್ಕೊ ರೆಡಿ ಪ್ರಾಣಿಗಳ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ ಎಂದು ಬರೆದ. ಮೂರೂವರೆ ಶತಮಾನ ಕಳೆದರೂ ಆ ಕಲ್ಲು ನಮ್ಮಲ್ಲಿ ಚಲಾವಣೆಯಲ್ಲಿದೆ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಹಾಗೆ ತಾವಾಗಿ ಬದುಕುವವರ ಕೀರ್ತಿಯೆಲ್ಲ ಕಲ್ಲಿಗೆ, ಮಂತ್ರಕ್ಕೆ ಸೇರುತ್ತದೆ.

ಸರಿ, ಕಾಡಿನ ನಡುವೆ ಏನು ಮಾಡಬೇಕು? ಹಾವಿನಿಂದ ದೂರ ಸರಿಯಿರಿ, ಅದನ್ನು ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ಕಚ್ಚಿಸಿಕೊಂಡವರನ್ನು ಮಲಗಿಸಿ. ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ ಎಲ್ಲವನ್ನೂ ಊತ ಬರುವ ಮುಂಚೆಯೇ ತೆಗೆಯಿರಿ. ಕಾಲಿನ ಎರಡು ಬದಿಗೆ ಅಡಕೆ ದಬ್ಬೆ, ಬಿದಿರು, ಚಾರಣದ ಕೋಲು, ಏನು ಸಿಕ್ಕರೆ ಅದನ್ನು ಇಟ್ಟು, ನಡುವೆ ಬಟ್ಟೆಯ ಮೆತ್ತೆ ಕೊಟ್ಟು, ಪಂಚೆಯನ್ನೋ ದುಪ್ಪಟ್ಟಾವನ್ನೋ ಹರಿದು ಮೂರು ನಾಲ್ಕು ಕಡೆ ಕಟ್ಟಿ. ಮಂಡಿಯೂ ಪಾದದ ಗಂಟೂ ಅಲುಗಬಾರದು. ಕಟ್ಟಿನ ಕೆಳಗೆ ಒಂದು ಬೆರಳು ನುಸುಳಬೇಕು, ಕಾಲ್ಬೆರಳು ತಣ್ಣಗಾಗಬಾರದು, ಬಣ್ಣ ಕೆಡಬಾರದು. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಈ ಒಂದು ಗೆರೆ ವೈದ್ಯರಿಗೆ ಬಹಳ ಹೇಳುತ್ತದೆ.

ಮುಂದಿನದು ಹೊರುವ ಕೆಲಸ. ಕಚ್ಚಿಸಿಕೊಂಡವರು ಅಲುಗಬಾರದು, ಮಿಕ್ಕವರು ನಿಲ್ಲಬಾರದು. ರಸ್ತೆಯಿಲ್ಲದ ಮಲೆನಾಡಿನ ಊರುಗಳಲ್ಲಿ ಇಂದಿಗೂ ರೋಗಿಗಳನ್ನು ಕಂಬಳಿ ಜೋಳಿಗೆಯಲ್ಲಿ ಹೊತ್ತು ತರುತ್ತಾರೆ. ಎರಡು ಗಟ್ಟಿ ಗಳಗಳನ್ನು ಗುಂಡಿ ಹಾಕಿದ ದಪ್ಪ ಅಂಗಿಗಳ ತೋಳಿನೊಳಗೆ ತೂರಿಸಿದರೂ ಸ್ಟ್ರೆಚರು ಸಿದ್ಧ. ಕುಮಾರಪರ್ವತದಂಥ ಇಳಿಜಾರಿನಲ್ಲಿ ಅದನ್ನು ಹೊರಲು ಆರು ಜನವಾದರೂ ಬೇಕು, ಕೈ ಬದಲಾಯಿಸಲು ಇನ್ನಷ್ಟು ಜನ. ಸಿಗ್ನಲ್ ಇಲ್ಲದಿದ್ದರೆ 108ಕ್ಕೆ ಕರೆ ಮಾಡಲು ಇಬ್ಬರು ಮುಂದೆ ಓಡಲಿ. ಒಬ್ಬರೇ ಇದ್ದು ಯಾರೂ ಬರುವ ಭರವಸೆ ಇಲ್ಲದಿದ್ದರೆ ನಿಧಾನವಾಗಿ ನಡೆದು ಬರುವುದೇ ದಾರಿ, ಕೂತು ಕಾಯುವುದಲ್ಲ. ರಸ್ತೆ ಸಿಕ್ಕಮೇಲೆ ಬೈಕಾದರೂ ಆಗಬಹುದು: ಸವಾರ ಮುಂದೆ, ರೋಗಿ ನಡುವೆ, ಹಿಡಿದುಕೊಳ್ಳಲು ಇನ್ನೊಬ್ಬರು ಹಿಂದೆ. ನೇಪಾಳದ ದಮಕ್ ಸುತ್ತಮುತ್ತ ಬೈಕಿರುವ ಸ್ವಯಂಸೇವಕರನ್ನು ಹೀಗೆ ಸಜ್ಜುಗೊಳಿಸಿ, ಜೊತೆಗೆ ಹಳ್ಳಿಯವರಿಗೆ ತಿಳಿವಳಿಕೆ ಕೊಟ್ಟಾಗ, ಹಾವು ಕಚ್ಚಿದವರಲ್ಲಿ ಸಾಯುವವರ ಪ್ರಮಾಣ ಶೇ. 10.5ರಿಂದ 0.5ಕ್ಕೆ ಇಳಿಯಿತು. ಹೊಸ ಔಷಧಿಯಿಂದಲ್ಲ, ಬೈಕಿನಿಂದ.

ಕಟ್ಟುಹಾವಿನ ಕಡಿತ ಇದಕ್ಕಿಂತ ಮೋಸದ್ದು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಊತ ಎರಡೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ನುಂಗಲು ಕಷ್ಟ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಉತ್ತರ ಮ್ಯಾನ್ಮಾರಿನ ಕಾಡಿನಲ್ಲಿ ಅಮೆರಿಕದ ಹಾವು ತಜ್ಞ ಜೋಸೆಫ್ ಸ್ಲೊವಿನ್‌ಸ್ಕಿಯವರನ್ನು ಈ ಜಾತಿಯ ಮರಿಯೊಂದು ಕಚ್ಚಿತು. ಮಾತು ನಿಂತ ಮೇಲೂ ಅವರು ಬೆರಳು ಅಲುಗಿಸಿ ಉತ್ತರ ಕೊಡುತ್ತಿದ್ದರು. ಕೆಟ್ಟ ಹವೆಯಿಂದ ಹೆಲಿಕಾಪ್ಟರ್ ಬರಲಾಗಲಿಲ್ಲ. ಗೆಳೆಯರು ಸರದಿಯ ಮೇಲೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇದ್ದರು. ಮರುದಿನ ಮಧ್ಯಾಹ್ನ ಅವರು ತೀರಿಕೊಂಡರು. ಆ ಗೆಳೆಯರು ಮಾಡಿದ್ದು ಸರಿಯಾದ ಕೆಲಸವೇ. ಈ ವಿಷ ತಟ್ಟಿದವರ ಕಣ್ಣಪಾಪೆ ಬೆಳಕಿಗೆ ಸ್ಪಂದಿಸದಿದ್ದರೂ ಒಳಗೆ ಪ್ರಜ್ಞೆ ಇರಬಹುದು. ಸತ್ತರೆಂದು ಕೈಬಿಡಬಾರದು, ಉಸಿರು ಕೊಡುತ್ತಲೇ ಸಾಗಬೇಕು. ಇದನ್ನು ಓದಿ ಕಲಿಯಲಾಗದು. ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸಿನ ತರಗತಿಗಳಲ್ಲಿ ಗೊಂಬೆಯ ಮೇಲೆ ಅಭ್ಯಾಸ ಮಾಡಿಯೇ ಕಲಿಯಬೇಕು.

ಆಸ್ಪತ್ರೆಯಲ್ಲಿ ಮಾಡುವ ಮೊದಲ ಪರೀಕ್ಷೆಗಳಲ್ಲೊಂದು ತೀರಾ ಸರಳ. ಒಣಗಿದ ಶುದ್ಧ ಗಾಜಿನ ಕೊಳವೆಯಲ್ಲಿ 2 ಮಿ.ಲೀ. ರಕ್ತ, 20 ನಿಮಿಷ ಅಲುಗಿಸದೆ ಇಟ್ಟು ವಾಲಿಸುವುದು, ಹೆಪ್ಪುಗಟ್ಟಿರದಿದ್ದರೆ ಮಂಡಲದ ವಿಷ ಏರಿದೆ ಎಂದರ್ಥ. ಪ್ರತಿವಿಷವನ್ನು ಸಾಮಾನ್ಯವಾಗಿ 8ರಿಂದ 10 ಸೀಸೆಯಿಂದ ಶುರು ಮಾಡುತ್ತಾರೆ. ಮಕ್ಕಳಿಗೂ ಅಷ್ಟೇ, ಹಾವು ಮಗುವೆಂದು ವಿಷ ಕಮ್ಮಿ ಬಿಡುವುದಿಲ್ಲವಲ್ಲ. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಆಗುಂಬೆಯ ಕಾಳಿಂಗಕ್ಕೂ ಘಟ್ಟದ ಗುಳಿಮಂಡಲಗಳಿಗೂ ಅದನ್ನು ನಂಬಿಕೊಳ್ಳುವಂತಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಲೆಕ್ಕ ಸರಿಯಾಗಿ ಸಿಕ್ಕರೆ ಸೀಸೆಗಳು ಎಲ್ಲಿ ಬೇಕೋ ಅಲ್ಲಿಗೆ ತಲುಪುತ್ತವೆ ಎಂಬ ಆಸೆ ನನಗಿದೆ. ಅಲ್ಲಿಯವರೆಗೆ ಬೆಟ್ಟ ಹತ್ತುವ ಮುನ್ನ ಆ ತಾಲೂಕಿನ ಆಸ್ಪತ್ರೆಗೆ ಫೋನು ಮಾಡಿ ಎರಡು ಮಾತು ಕೇಳಿ: ಪ್ರತಿವಿಷ ದಾಸ್ತಾನಿದೆಯೇ, ವೆಂಟಿಲೇಟರ್ ಇದೆಯೇ. ಇಲ್ಲವೆಂದರೆ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಅದರ ಹೆಸರು ಮತ್ತು ನಂಬರನ್ನು ತಂಡದ ಎಲ್ಲರ ಕೈಯಲ್ಲೂ ಬರೆಸಿಡಿ.