ಲೈನ್ ಬದಲಿಸಿದರೆ ಹಳೇ ಅನುಭವ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾ?

ಪ್ರಶ್ನೆ: ನನಗೆ 38 ವರ್ಷ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ 14 ವರ್ಷದಿಂದ ಕಾರು ಸರ್ವಿಸ್ ಸೆಂಟರ್‌ಗಳಲ್ಲೇ ದುಡಿಯುತ್ತಿದ್ದೇನೆ. ಈಗ ಸರ್ವಿಸ್ ಅಡ್ವೈಸರ್. ಕೆಲಸ ಸಾಕಾಗಿದೆ. ಆದರೆ ಈ ವಯಸ್ಸಿನಲ್ಲಿ ಲೈನ್ ಬದಲಿಸಿದರೆ ಇಷ್ಟು ವರ್ಷದ ಅನುಭವವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುವುದಿಲ್ಲವೇ? ಮನೆಯಲ್ಲಿ ಬಾಯಿ ಬಿಟ್ಟರೆ "ಒಂದು ಕಡೆ ನೆಟ್ಟಗೆ ನಿಲ್ಲೋದು ಕಲಿ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಊರು, ಕೆಲಸ, ವಯಸ್ಸು ಬೇರೆ ಬೇರೆ ಇರಬಹುದು. ಆದರೆ ಈ ಪ್ರಶ್ನೆ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ವರ್ಷ ಒದ್ದಾಡಿದ್ದೇನೆ. ನೇರವಾಗಿ ಹೇಳುತ್ತೇನೆ: ಅನುಭವ ಹೊಳೆ ಪಾಲಾಗುವುದಿಲ್ಲ. ಆದರೆ ಎರಡು ಕಾಲನ್ನೂ ಒಟ್ಟಿಗೆ ಎತ್ತಿ ಹಾರಿದರೆ ಅದರಲ್ಲಿ ಜಾಸ್ತಿ ಪಾಲು ಹಿಂದೆಯೇ ಉಳಿದುಬಿಡುತ್ತದೆ. ಒಂದು ಕಾಲು ಹಳೇ ನೆಲದ ಮೇಲೆ ಇದ್ದಾಗಲೇ ಇನ್ನೊಂದನ್ನು ಎತ್ತಿಡಬೇಕು.

ಮೊದಲು ಮನೆಯವರ ಮಾತು. ಅವರನ್ನು ದೂರಬೇಡಿ. ನಮ್ಮ ಅಪ್ಪ, ಮಾವಂದಿರು ಕಂಡ ಲೋಕ ಅಂಥದ್ದು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಇಪ್ಪತ್ತರ ವಯಸ್ಸಿಗೆ ಗೇಟಿನ ಒಳಗೆ ಹೋದವರು ನಿವೃತ್ತಿಯ ಹಾರ ಹಾಕಿಸಿಕೊಂಡೇ ಹೊರಗೆ ಬಂದರು. ಕ್ವಾರ್ಟರ್ಸ್, ಕ್ಯಾಂಟೀನ್, ಕಾರ್ಖಾನೆಯ ಬಸ್ಸು ಎಲ್ಲ ಅಲ್ಲೇ. "ಒಂದು ಕಡೆ ನಿಲ್ಲು" ಅನ್ನುವುದು ಆಗ ನಿಜಕ್ಕೂ ಒಳ್ಳೆಯ ಸಲಹೆಯಾಗಿತ್ತು.

ಆದರೆ ಆ ಗೇಟುಗಳೂ ಮುಚ್ಚಿದವು, ಅಲ್ವಾ? ನೂರಿಪ್ಪತ್ತು ವರ್ಷ ನಡೆದ ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತುಹೋಯಿತು. ತಾತ, ಅಪ್ಪ, ಮಗ ಮೂವರೂ ಅದೇ ಗಣಿಗೆ ಇಳಿದ ಮನೆಗಳಿದ್ದವು. ಇವತ್ತು ಅಲ್ಲಿಂದ ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ನಾವು ಕೆಲಸ ಬದಲಿಸದಿದ್ದರೂ ಕೆಲಸವೇ ನಮ್ಮನ್ನು ಬದಲಿಸುವ ಕಾಲ ಇದು. ನಿಮ್ಮ ಕ್ಷೇತ್ರವನ್ನೇ ನೋಡಿ, ಎಲೆಕ್ಟ್ರಿಕ್ ಗಾಡಿಗೆ ಎಂಜಿನ್ ಆಯಿಲ್ ಹಾಕುವ ಪ್ರಶ್ನೆಯೇ ಇಲ್ಲ.

ಈಗ ಅನುಭವದ ವಿಷಯ. ನನ್ನದೇ ಕಥೆ ಹೇಳುತ್ತೇನೆ, ಅದನ್ನು ಹತ್ತಿರದಿಂದ ಕಂಡಿದ್ದೇನೆ.

ನಾನು ಒಂಬತ್ತು ವರ್ಷ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್‌ನಲ್ಲಿದ್ದೆ. ಟೇಬಲ್ ಮೇಲೆ ಟ್ಯೂಬ್‌ಲೈಟ್, ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕೆಂಪು ಬಾಣದ ಸ್ಟಿಕ್ಕರ್. ಪೀಸ್ ಬಂದ ಕೂಡಲೇ ಕಾಲರ್, ಎಡತೋಳು, ಬಲತೋಳು, ಸೈಡ್ ಸೀಮ್ ಅಂತ ಕಣ್ಣು ತಾನೇ ಓಡುತ್ತಿತ್ತು. ಹೊಲಿಗೆ ಬಿಟ್ಟಿದ್ದರೆ, ಎಣ್ಣೆ ಕಲೆ ಇದ್ದರೆ ಅಲ್ಲಿಗೊಂದು ಬಾಣ. ದಿನಕ್ಕೆ ನೂರಾರು ಪೀಸ್. ಬೆನ್ನುನೋವು ಶುರುವಾದ ಮೇಲೆ ಇದು ಇನ್ನು ಆಗದು ಅನ್ನಿಸಿತು. ಆದರೆ ನನಗೆ ಬೇರೇನು ಬರುತ್ತದೆ? ಬಟ್ಟೆ ಬಿಟ್ಟರೆ ಏನೂ ಬರುವುದಿಲ್ಲ ಅಂತಲೇ ಗಟ್ಟಿಯಾಗಿ ನಂಬಿದ್ದೆ.

ಪರಿಚಯದವರೊಬ್ಬರು ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಜಾಗ ಇದೆ ಅಂದರು. ಡಿಗ್ರಿ ಇದ್ದರೆ ಸಾಕು, ಉಳಿದದ್ದು ಕಲಿಸುತ್ತಾರೆ ಅಂದರು. ಹೋದೆ. ನನಗೆ 34. ಕಲಿಸುವ ಹುಡುಗಿಗೆ 24. ಕ್ಯಾಶ್‌ಲೆಸ್ ಅರ್ಜಿ, ಡಿಸ್ಚಾರ್ಜ್ ಸಮರಿ, ಲ್ಯಾಬ್ ರಿಪೋರ್ಟ್ ಎಲ್ಲ ಸೇರಿಸಿ ಇನ್ಶೂರೆನ್ಸ್ ಕಂಪನಿಗೆ ಕಳಿಸುವುದು ಕೆಲಸ. ಏನಾದರೂ ತಪ್ಪಿದ್ದರೆ 'ಕ್ವೆರಿ' ಅಂತ ವಾಪಸ್ ಬರುತ್ತದೆ. ಕ್ವೆರಿ ಬಂದರೆ ರೋಗಿ ಮನೆಗೆ ಹೋಗುವುದು ಸಂಜೆವರೆಗೆ ತಡ. ಮೊದಲ ಎರಡು ವಾರ ಕಾಯಿಲೆ, ಔಷಧಿಗಳ ಹೆಸರುಗಳನ್ನು ಓದಲಿಕ್ಕೇ ಕಷ್ಟಪಟ್ಟೆ. ಊಟದ ಹೊತ್ತಿಗೆ ಒಬ್ಬಳೇ ಕೂತು, ದೊಡ್ಡ ತಪ್ಪು ಮಾಡಿಬಿಟ್ಟೆನೇನೋ ಅಂತ ಯೋಚಿಸುತ್ತಿದ್ದೆ.

ಮೂರನೇ ವಾರ. ಪೊರೆ ಆಪರೇಷನ್ ಆದ ಅಜ್ಜರೊಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಅವರ ಫೈಲು ನನ್ನ ಮುಂದೆ. ಕಳಿಸುವ ಬಟನ್ ಒತ್ತುವ ಮುಂಚೆ ಕೈ ನಿಂತಿತು. ಅರ್ಜಿಯಲ್ಲಿ ಎಡಗಣ್ಣು ಅಂತಿದೆ. ಡಿಸ್ಚಾರ್ಜ್ ಸಮರಿಯಲ್ಲಿ ಬಲಗಣ್ಣು. ಮತ್ತೆ ತಿರುವಿದರೆ, ಕಣ್ಣಿಗೆ ಹಾಕಿದ ಲೆನ್ಸ್‌ನ ಸ್ಟಿಕ್ಕರ್ ಅಂಟಿಸಬೇಕಾದ ಜಾಗ ಖಾಲಿ. ಎರಡನ್ನೂ ಸರಿಮಾಡಿಸಿ ಕಳಿಸಿದೆವು. ಕ್ವೆರಿ ಬರಲಿಲ್ಲ.

"ಅಕ್ಕಾ, ಇದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು?" ಅಂದಳು ಹುಡುಗಿ. "ಒಂಬತ್ತು ವರ್ಷ ಎಡತೋಳು ಬಲತೋಳು ಅಳೆದಿದ್ದೀನಮ್ಮಾ" ಅಂದೆ. ಹೇಳುವಾಗಲೇ ನನಗೂ ಹೊಳೆದದ್ದು, ನಾನು ಒಂಬತ್ತು ವರ್ಷ ಕಲಿತದ್ದು ಬಟ್ಟೆಯನ್ನಲ್ಲ, ನೋಡುವುದನ್ನು ಅಂತ.

ಹಾಗಾಗಿ ನಿಮಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಹುದ್ದೆಯ ಹೆಸರು ಪಕ್ಕಕ್ಕಿಡಿ. ಕಳೆದ ವಾರ ಬೆಳಗಿನಿಂದ ಸಂಜೆವರೆಗೆ ಏನೇನು ಮಾಡಿದಿರಿ ಅಂತ ಬರೀ ಕ್ರಿಯಾಪದಗಳಲ್ಲಿ ಬರೆಯಿರಿ. ಸಿಟ್ಟಿನಲ್ಲಿ ಬಂದ ಗಿರಾಕಿಯನ್ನು ಸಮಾಧಾನ ಮಾಡಿದೆ. ಗಾಡಿಯ ಸದ್ದು ಕೇಳಿ ತೊಂದರೆ ಎಲ್ಲಿದೆ ಅಂತ ಊಹಿಸಿದೆ. ಜಾಬ್ ಕಾರ್ಡ್ ಬರೆದೆ. ಎಸ್ಟಿಮೇಟ್ ಕೊಟ್ಟೆ. ಆಕ್ಸಿಡೆಂಟ್ ಗಾಡಿ ನೋಡಲು ಬಂದ ಇನ್ಶೂರೆನ್ಸ್ ಸರ್ವೇಯರ್ ಜೊತೆ ಮಾತಾಡಿದೆ. ಹೊಸ ಹುಡುಗನಿಗೆ ಬ್ರೇಕ್ ಕೆಲಸ ತೋರಿಸಿಕೊಟ್ಟೆ. ಇದೇ ನೀವು ಜೊತೆಗೆ ಒಯ್ಯುವ ಗಂಟು. ಇದರಲ್ಲಿ ಯಾವುದನ್ನು ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅನ್ನುವುದಕ್ಕೆ ಗುರುತು ಹಾಕಿ.

ಸರ್ವೇಯರ್ ಜೊತೆಗಿನ ಮಾತು ಹಿಡಿಸಿತೇ? ಮೋಟಾರ್ ಇನ್ಶೂರೆನ್ಸ್ ಕ್ಲೇಮ್ ವಿಭಾಗಗಳಿಗೆ ಗಾಡಿ ಬಿಚ್ಚಿ ನೋಡಿದವರು ಬೇಕು. ಸ್ವತಂತ್ರ ಸರ್ವೇಯರ್ ಆಗಬೇಕಾದರೆ ವಿಮಾ ಕ್ಷೇತ್ರದ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಪರವಾನಗಿ ಬೇಕು, ಅದಕ್ಕೆ ತರಬೇತಿ ಇದೆ, ಪರೀಕ್ಷೆ ಇದೆ. ಹುಡುಗನಿಗೆ ಕಲಿಸಿದ್ದೇ ಖುಷಿ ಕೊಟ್ಟಿತೇ? ಕೈಗಾರಿಕಾ ತರಬೇತಿ ಕೊಡುವ ಐಟಿಐಗಳಲ್ಲಿ ಬೋಧಕರಾಗುವವರಿಗೆ ಸಿಐಟಿಎಸ್ ಅನ್ನುವ ಒಂದು ವರ್ಷದ ತರಬೇತಿ ಇದೆ. ಬೆಂಗಳೂರಿನ ಎನ್‌ಎಸ್‌ಟಿಐಯಂಥ ಸಂಸ್ಥೆಗಳು ಅದನ್ನು ಕೊಡುತ್ತವೆ. ಗಿರಾಕಿಯ ಜೊತೆ ಮಾತೇ ನಿಮ್ಮ ಬಲವಾದರೆ ಹಳೇ ಕಾರು ಬೆಲೆ ಕಟ್ಟುವ ಕೆಲಸವಿದೆ. ಇವೆಲ್ಲದರಲ್ಲೂ ಒಂದು ಕಾಲು ಗಾಡಿಯ ಮೇಲೆಯೇ ಇದೆ. ಅಲ್ಲಿ ಎರಡು ವರ್ಷ ನಿಂತ ಮೇಲೆ ಇನ್ನೂ ದೂರ ಹೋಗಬೇಕು ಅನ್ನಿಸಿದರೆ ಆಗ ಇನ್ನೊಂದು ಹೆಜ್ಜೆ.

ಸ್ವಂತಕ್ಕೆ ಏನಾದರೂ ಶುರು ಮಾಡುವ ಆಸೆ ಇದ್ದರೆ, ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಹೆಸರು ಕೇಳಿರಬಹುದು. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಊಟ, ವಸತಿ ಸಮೇತ ಉಚಿತ ತರಬೇತಿ. ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಗಳಲ್ಲೆಲ್ಲ ಇಂಥ ಕೇಂದ್ರಗಳು ಬಂದಿವೆ.

"ಊರಿಗೆ ಹೋಗಿ ತೋಟ ಮಾಡುತ್ತೇನೆ" ಅನ್ನುವವರಿಗೂ ಒಂದು ಮಾತು. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಮನೆ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಗುಂಡಿ ತೋಡಿ.

ಇಷ್ಟೆಲ್ಲ ತಿರುವು ತೆಗೆದುಕೊಂಡವರು ಯಾರಾದರೂ ಇದ್ದಾರಾ ಅಂದರೆ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಾಗುತ್ತಾರೆ. ಸೇನೆಯಲ್ಲಿದ್ದರು, 1971ರ ಯುದ್ಧ ನೋಡಿದರು, ಚಿಕ್ಕ ವಯಸ್ಸಿಗೇ ಬಿಟ್ಟು ಬಂದರು. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಬೇಸಾಯಕ್ಕೆ ಇಳಿದರು. ಹಾಸನದಲ್ಲಿ ಮೋಟಾರ್‌ಸೈಕಲ್ ಡೀಲರ್‌ಶಿಪ್, ಹೋಟೆಲ್, ಹನಿ ನೀರಾವರಿ ಸಾಮಾನಿನ ವ್ಯಾಪಾರ. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ. ಮರುವರ್ಷವೇ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್ ಅನ್ನುವ ಕಡಿಮೆ ದರದ ವಿಮಾನ ಕಂಪನಿ. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಹೆಲಿಕಾಪ್ಟರ್ ಶುರು ಮಾಡಿದ್ದು ಸೇನೆಯ ಹಳೇ ಗೆಳೆಯರ ಜೊತೆ. ಸುಮಾರು ಇಪ್ಪತ್ತು ವರ್ಷ ಹಿಂದೆ ಬಿಟ್ಟ ಕೆಲಸದ ಪರಿಚಯ ಆಗ ಕೈ ಹಿಡಿಯಿತು. ಏರ್ ಡೆಕ್ಕನ್ ಕೊನೆಗೆ ಅವರ ಕೈಲಿ ಉಳಿಯಲಿಲ್ಲ, ಅದನ್ನೂ ಹೇಳಬೇಕು. ಇನ್ನೊಂದು ಬಗೆಯವರು ಗಾಯಕ ಸಿ. ಅಶ್ವಥ್. ಐಟಿಐ ಕಾರ್ಖಾನೆಯ ನೌಕರಿ ಮಾಡುತ್ತಲೇ ಭಾವಗೀತೆಯಲ್ಲಿ ಬೆಳೆದರು. ನನಗೆ ಈ ಎರಡನೇ ದಾರಿಯೇ ಹೆಚ್ಚು ಇಷ್ಟ. ಸಂಬಳದ ಮನೆಯವರಿಗೆ ಅದು ಸಾಧ್ಯವಾಗುವ ದಾರಿ.

ಈಗ ದುಡ್ಡಿನ ಮಾತು, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಸಂಬಳ 26,000ದಿಂದ 17,000ಕ್ಕೆ ಇಳಿಯಿತು. ಹಳೇ ಮಟ್ಟಕ್ಕೆ ಬರಲು ಎರಡೂವರೆ ವರ್ಷ ಹಿಡಿಯಿತು. ಸಂಬಳ ಇಳಿದ ಹೊತ್ತಿಗೆ ನಾನು ಎತ್ತಿದ್ದ ಚೀಟಿಯ ಕಂತು ಇನ್ನೂ ಹತ್ತು ತಿಂಗಳು ಬಾಕಿ ಇತ್ತು. ಆ ಹತ್ತು ತಿಂಗಳು ತುಂಬಾ ಕಷ್ಟವಾಯಿತು. ನೀವು ಚೀಟಿ, ಸಾಲದ ಕಂತು ಇಂಥವನ್ನು ಮೊದಲು ಮುಗಿಸಿ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಕೂತಿರಲಿ.

ಪಿಎಫ್ ತೆಗೆಯಬೇಡಿ. ಮೊದಲ ಫ್ಯಾಕ್ಟರಿ ಬಿಟ್ಟಾಗ ನಾನು ಪೂರ್ತಿ ತೆಗೆದು ಫ್ರಿಜ್ ತಂದೆ. ಆ ವರ್ಷಗಳ ಸೇವೆಯ ಲೆಕ್ಕವೂ ಅದರ ಜೊತೆಗೇ ಹೋಯಿತು. ಇವತ್ತಿಗೂ ಬೇಜಾರಿದೆ. ಐದು ವರ್ಷ ತುಂಬುವ ಮುಂಚೆ ತೆಗೆದರೆ ತೆರಿಗೆಯೂ ಬೀಳಬಹುದು. ಹೊಸ ಕಡೆಗೆ ವರ್ಗಾಯಿಸಿಕೊಂಡರೆ ಹಳೇ ಸೇವೆ ಲೆಕ್ಕಕ್ಕೆ ಸೇರುತ್ತದೆ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದವರಿಗೆ 58ರ ನಂತರ ತಿಂಗಳ ಪಿಂಚಣಿ ಬರುತ್ತದೆ. ನಿಮ್ಮ 14 ವರ್ಷ ಒಟ್ಟಿಗೆ ಸೇರಿದ್ದರೆ ನೀವು ಆ ಗೆರೆ ದಾಟಿಯಾಗಿದೆ. ಆದರೆ ಕೆಲಸ ಬದಲಾದರೂ ಒಂದೇ ಆಗಿ ಉಳಿಯುವ ಪಿಎಫ್ ಸಂಖ್ಯೆ, ಯುಎಎನ್, ಬಂದದ್ದೇ 2014ರಲ್ಲಿ. ಅದಕ್ಕಿಂತ ಮೊದಲಿನ ಖಾತೆ ಎಲ್ಲೋ ಬೇರೆ ಉಳಿದಿದೆಯಾ ಅಂತ ಪಾಸ್‌ಬುಕ್ ತೆಗೆದು ನೋಡಿ, ಇದ್ದರೆ ಸೇರಿಸಿಕೊಳ್ಳಿ. ಹಳೇ ಮಾಲೀಕರ ಹತ್ತಿರ ಸಹಿ ಬೇಕಾದರೆ ಸಂಬಂಧ ಚೆನ್ನಾಗಿರುವಾಗಲೇ ಆಗಬೇಕು.

ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು, ಅಂದರೆ ಗ್ರಾಚ್ಯುಟಿಗೆ ಖಾಯಂ ನೌಕರರು ಒಂದೇ ಕಡೆ ಐದು ವರ್ಷ ಪೂರೈಸಿರಬೇಕು. ವರ್ಷಕ್ಕೆ 15 ದಿನದ ವೇತನದಂತೆ ಲೆಕ್ಕ. ಈಗಿನ ಸೆಂಟರ್‌ನಲ್ಲಿ ನಾಲ್ಕೂವರೆ ವರ್ಷವಾಗಿದ್ದರೆ ಇನ್ನಾರು ತಿಂಗಳು ತಡೆದುಕೊಳ್ಳಿ.

ಆರೋಗ್ಯ ವಿಮೆಯನ್ನು ಜನ ಮರೆತೇಬಿಡುತ್ತಾರೆ. ನನ್ನ ಕೌಂಟರಿಗೆ ಬರುವವರಲ್ಲಿ ತಿಂಗಳಿಗೊಬ್ಬರಾದರೂ "ಕಾರ್ಡ್ ಇದೆಯಲ್ಲ ಮೇಡಂ" ಅಂತ ಹಳೇ ಕಂಪನಿಯ ಕಾರ್ಡ್ ಚಾಚುತ್ತಾರೆ. ಕೆಲಸ ಬಿಟ್ಟು ಹತ್ತು ದಿನವಾಗಿರುತ್ತದೆ. ಕಾರ್ಡ್ ಕೈಯಲ್ಲಿದ್ದರೂ ವಿಮೆ ಮುಗಿದಿರುತ್ತದೆ. ಒಳಗೆ ಅಮ್ಮ ಅಡ್ಮಿಟ್ ಆಗಿರುತ್ತಾರೆ. ಆ ಮುಖ ನೋಡಲಾಗುವುದಿಲ್ಲ. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶವಿದೆ. ಅದನ್ನು ರಾಜೀನಾಮೆ ಕೊಡುವ ಮೊದಲೇ ವಿಚಾರಿಸಿ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲಿಂದ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಮನೆ ಸಾಲ ಮಾಡುವ ಯೋಚನೆ ಇದ್ದರೂ ಕೆಲಸ ಬಿಡುವ ಮೊದಲೇ ವಿಚಾರಿಸಿ. ಸ್ವಂತ ಉದ್ಯೋಗದವರಿಗೆ ಬ್ಯಾಂಕಿನವರು ಸಾಮಾನ್ಯವಾಗಿ ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು. ಸಾಕಾಗಿರುವುದು ಕೆಲಸವೋ, ಅಲ್ಲಿನ ಮ್ಯಾನೇಜರೋ? ಇದೇ ಕೆಲಸ, ಮನೆಗೆ ಹತ್ತಿರ, ಒಳ್ಳೆಯ ಜನರ ಜೊತೆ ಅಂದರೆ ಮನಸ್ಸು ಹಗುರಾಗುತ್ತದೆಯಾ? ಹೌದಾದರೆ ಲೈನ್ ಬದಲಿಸಬೇಡಿ, ಜಾಗ ಬದಲಿಸಿ.

ಸಂದರ್ಶನದಲ್ಲಿ "ಯಾಕೆ ಬಿಟ್ಟಿರಿ?" ಅಂತ ಕೇಳಿಯೇ ಕೇಳುತ್ತಾರೆ. ಹಳೇ ಕಡೆಯನ್ನು ಬೈಯಬೇಡಿ. ನಾಲ್ಕು ವಾಕ್ಯ ಸಾಕು: ಅಲ್ಲಿ ಇಂಥದ್ದು ಮಾಡುತ್ತಿದ್ದೆ, ಅದರಲ್ಲಿ ಇದು ನನಗೆ ಚೆನ್ನಾಗಿ ಬರುತ್ತದೆ, ನಿಮ್ಮ ಕೆಲಸಕ್ಕೆ ಅದೇ ಬೇಕು, ಗೊತ್ತಿಲ್ಲದ್ದನ್ನು ಕಲಿಯಲು ಇಷ್ಟು ತಯಾರಿ ಮಾಡಿದ್ದೇನೆ. ಮಕ್ಕಳಿಗಾಗಿ, ಹಿರಿಯರ ಆರೈಕೆಗಾಗಿ ಕೆಲಸ ಬಿಟ್ಟು ಮತ್ತೆ ಹೊರಟಿರುವ ಹೆಣ್ಣುಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಮಧ್ಯದ ಖಾಲಿ ವರ್ಷಗಳನ್ನು ಮುಚ್ಚಿಡಬೇಡಿ, ಆಗ ಮಾಡಿದ್ದನ್ನು ನೇರವಾಗಿ ಹೇಳಿ.

ಕೊನೆಗೆ ಮನೆಯವರು. "ನನಗೆ ಖುಷಿ ಇಲ್ಲ" ಅಂತ ಮಾತು ಶುರು ಮಾಡಿದರೆ ಅವರು ಹೆದರುತ್ತಾರೆ. ನಾನು ನಮ್ಮನೆಯವರ ಮುಂದೆ ಮಗಳ ನೋಟ್‌ಬುಕ್ಕಿನ ಒಂದು ಹಾಳೆ ಇಟ್ಟೆ. ಬಾಡಿಗೆ, ಸ್ಕೂಲ್ ಫೀಸು, ಗ್ಯಾಸು, ಚೀಟಿ ಎಲ್ಲ ಒಂದು ಕಡೆ. ಹೊಸ ಸಂಬಳ ಇನ್ನೊಂದು ಕಡೆ. ಕೆಳಗೆ "ಒಂದು ವರ್ಷ ನೋಡೋಣ, ಆಗದಿದ್ದರೆ ಮತ್ತೆ ಗಾರ್ಮೆಂಟ್ಸಿಗೆ" ಅಂತ ತಾರೀಖು ಸಮೇತ ಬರೆದಿದ್ದೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ತಮ್ಮ ಬೈಕಿನ ಪೆಟ್ರೋಲ್ ಖರ್ಚಿನಲ್ಲಿ 800 ಕಡಿಮೆ ಮಾಡಿ, ಪಕ್ಕದಲ್ಲಿ "ಬಸ್ ಪಾಸ್" ಅಂತ ಬರೆದರು.