ಹೊರಗಿನ ಗಾಯ ಒಣಗಿದ ಮಾತ್ರಕ್ಕೆ ಗಟ್ಟಿ ಆಹಾರ ತಿನ್ನಬಹುದೇ?

ಓದುಗರ ಪ್ರಶ್ನೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿ ಎರಡು ವಾರ ಕಳೆದಿದೆ. ಹೊಟ್ಟೆಯ ಮೇಲಿನ ಸಣ್ಣ ಗಾಯಗಳೆಲ್ಲ ಒಣಗಿವೆ, ನೋವಿಲ್ಲ, ಮನೆಯೊಳಗೆ ಆರಾಮವಾಗಿ ಓಡಾಡಿಕೊಂಡಿದ್ದೇನೆ. ಆದರೂ ಇನ್ನೂ ಒಂದು ತಿಂಗಳು ಮೆತ್ತಗಿನ ಆಹಾರದಲ್ಲೇ ಇರಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಇಷ್ಟು ದಿನ ಕಾಯುವುದು ನಿಜಕ್ಕೂ ಅಗತ್ಯವೇ? ಸ್ವಲ್ಪ ಗಟ್ಟಿ ಆಹಾರ ತಿಂದರೆ ಏನಾಗುತ್ತದೆ?

ಉತ್ತರ: ಅಗತ್ಯವಿದೆ. ಕಣ್ಣಿಗೆ ಕಾಣುವ ಗಾಯ ಬೇರೆ, ಮಾಯಬೇಕಾದ ಗಾಯ ಬೇರೆ. ಹೊಟ್ಟೆಯ ಚರ್ಮದ ಮೇಲಿರುವ ನಾಲ್ಕೈದು ಗುರುತುಗಳು ಉಪಕರಣಗಳು ಒಳಹೋದ ದಾರಿಗಳಷ್ಟೇ. ಶಸ್ತ್ರಚಿಕಿತ್ಸೆ ನಡೆದಿರುವುದು ಒಳಗೆ, ಜಠರದ ಮೇಲೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ 75ರಿಂದ 80 ಶೇಕಡಾದಷ್ಟು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಉಳಿಸಿಕೊಳ್ಳುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಕತ್ತರಿಸಿದ ಅಂಚುಗಳನ್ನು ಸದ್ಯಕ್ಕೆ ಹಿಡಿದಿಟ್ಟಿರುವುದು ಸಣ್ಣ ಲೋಹದ ಸ್ಟೇಪಲ್‌ಗಳ ಸಾಲು; ಅಂಗಾಂಶ ತಾನಾಗಿ ಬೆಸೆದುಕೊಂಡು ಗಟ್ಟಿಯಾಗಲು ವಾರಗಳು ಬೇಕು. ಅಷ್ಟರೊಳಗೆ ಒಳಗಿನ ಒತ್ತಡ ಹೆಚ್ಚದಂತೆ ನೋಡಿಕೊಳ್ಳುವುದೇ ನಿಮಗೆ ಕೊಟ್ಟಿರುವ ಆಹಾರಕ್ರಮದ ಮೊದಲ ಉದ್ದೇಶ. ತೂಕ ಇಳಿಸುವುದು ಈ ಹಂತದಲ್ಲಿ ಅದರ ಉದ್ದೇಶವಲ್ಲ, ತೂಕ ಹೇಗೂ ಇಳಿಯುತ್ತದೆ. ಇದನ್ನು ಪಥ್ಯವೆಂದು ತಿಳಿಯದೆ ಗಾಯದ ಆರೈಕೆಯೆಂದೇ ತಿಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಪಥ್ಯವನ್ನು ಒಂದು ದಿನ ಮುರಿದರೆ ನಷ್ಟವಿಲ್ಲ ಎಂದು ನಾವೆಲ್ಲ ಸುಲಭವಾಗಿ ಅಂದುಕೊಳ್ಳುತ್ತೇವೆ.

ಇನ್ನೊಂದು ಸಂಗತಿಯೂ ಇದೆ. ಶಸ್ತ್ರಚಿಕಿತ್ಸೆಯಾದ ಜಾಗ ಮೊದಲ ಕೆಲವು ವಾರ ಬಾತುಕೊಂಡಿರುತ್ತದೆ. ಮೊದಲೇ ಕಿರಿದಾದ ದಾರಿ ಬಾವಿನಿಂದ ಇನ್ನಷ್ಟು ಕಿರಿದಾಗಿರುವಾಗ, ಸರಿಯಾಗಿ ಅಗಿಯದ ಮಾಂಸದ ಚೂರು ಅಥವಾ ಬ್ರೆಡ್ಡಿನ ತುಂಡು ಅಲ್ಲೇ ಸಿಕ್ಕಿಕೊಳ್ಳಬಹುದು. ಹಾಗಾದಾಗ ಎದೆಮೂಳೆಯ ಹಿಂದೆ ಬಿಗಿದು ಹಿಡಿದಂತೆ ಒತ್ತುತ್ತದೆ, ಬಾಯಲ್ಲಿ ನೊರೆನೊರೆಯಾದ ಜೊಲ್ಲು ತುಂಬಿಕೊಳ್ಳುತ್ತದೆ, ಕೊನೆಗೆ ವಾಂತಿಯಾಗುತ್ತದೆ. ಹೊಲಿಗೆ ಇನ್ನೂ ಬಲಿಯದ ಜಠರಕ್ಕೆ ಜೋರು ವಾಂತಿಯ ಒತ್ತಡ ಖಂಡಿತ ಬೇಡ. ಸ್ಟೇಪಲ್ ಸಾಲಿನಿಂದ ಸೋರಿಕೆಯಾಗುವುದು ಇಂದಿನ ದಿನಗಳಲ್ಲಿ ಅಪರೂಪವೇ. ಆದರೆ ಸೋರಿಕೆಯಾದರೆ ಜೀವಕ್ಕೇ ಅಪಾಯ, ಮತ್ತು ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ.

"ನನಗೆ ಆರಾಮವಾಗಿದೆ" ಎಂಬ ಅನಿಸಿಕೆಯನ್ನು ಇಲ್ಲಿ ಅಳತೆಗೋಲಾಗಿ ಬಳಸಲಾಗದು. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಭಾಗವೇ ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಉತ್ಪಾದಿಸುವ ಭಾಗ. ಆದ್ದರಿಂದ ಹಸಿವಿನ ಹಳೆಯ ಸೂಚನೆಗಳು ಬಹಳ ಮಟ್ಟಿಗೆ ಅಡಗಿರುತ್ತವೆ. ಹೊಟ್ಟೆ ತುಂಬಿತೆಂಬ ಸೂಚನೆಯೂ ಹೊಸ ರೂಪದಲ್ಲಿ ಬರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಕೆಲವರಿಗೆ ಒಂದು ದೀರ್ಘ ನಿಟ್ಟುಸಿರು. ನಿಮ್ಮ ಸೂಚನೆ ಯಾವುದೆಂದು ಗುರುತಿಸಿಕೊಳ್ಳಲು ಮೆತ್ತಗಿನ ಆಹಾರದ ಈ ವಾರಗಳೇ ಸುರಕ್ಷಿತವಾದ ಕಾಲ.

ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿರುತ್ತದೆ. ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿ ಸೂಪು. ಆಮೇಲೆ ಎರಡನೇ ವಾರದ ಕೊನೆಯವರೆಗೆ ಹಾಲು, ಸಕ್ಕರೆಯಿಲ್ಲದ ಪ್ರೋಟೀನ್ ಪಾನೀಯ, ನುಣ್ಣಗೆ ಸೋಸಿದ ಸೂಪಿನಂಥ ದ್ರವಾಹಾರ. ಮೂರು ಮತ್ತು ನಾಲ್ಕನೇ ವಾರಗಳಲ್ಲಿ ಗಂಟಿಲ್ಲದಂತೆ ರುಬ್ಬಿದ ಆಹಾರ. ಐದು, ಆರನೇ ವಾರಗಳಲ್ಲಿ ಚಮಚದಿಂದ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಿನ ಮೊಟ್ಟೆ, ಮೀನು, ಬೇಯಿಸಿದ ತರಕಾರಿ. ಆರರಿಂದ ಎಂಟು ವಾರಗಳ ನಂತರ ಸಾಮಾನ್ಯ ಆಹಾರ. ಒಂದೊಂದು ಆಸ್ಪತ್ರೆಯ ಲೆಕ್ಕದಲ್ಲಿ ಕೆಲವು ದಿನಗಳ ವ್ಯತ್ಯಾಸ ಇದ್ದೇ ಇರುತ್ತದೆ. ನಿಮ್ಮ ಒಳಗನ್ನು ಕಣ್ಣಾರೆ ಕಂಡವರು ನಿಮ್ಮ ಶಸ್ತ್ರಚಿಕಿತ್ಸಕರು, ಹಾಗಾಗಿ ಅವರು ಬರೆದುಕೊಟ್ಟ ದಿನಗಳೇ ನಿಮಗೆ ಅನ್ವಯಿಸುತ್ತವೆ. ಅದೇ ತಿಂಗಳು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇನ್ನೊಬ್ಬರು ಈಗಾಗಲೇ ಎಲ್ಲವನ್ನೂ ತಿನ್ನುತ್ತಿದ್ದಾರೆಂಬುದು ನಿಮಗೆ ಆಧಾರವಾಗದು.

ಪ್ರಶ್ನೆ ಗಟ್ಟಿ ಆಹಾರದ ಬಗ್ಗೆ ಇದ್ದರೂ, ನಿಮ್ಮ ಗಮನವನ್ನು ನೀರಿನ ಕಡೆಗೆ ಸೆಳೆಯದೆ ಇರಲಾರೆ. ಮನೆಗೆ ಮರಳಿದ ಮೇಲೆ ಮತ್ತೆ ಆಸ್ಪತ್ರೆ ಸೇರುವವರಲ್ಲಿ ಹೆಚ್ಚು ಕಾಣುವ ಕಾರಣಗಳೆಂದರೆ ವಾಂತಿ, ವಾಕರಿಕೆ ಮತ್ತು ನಿರ್ಜಲೀಕರಣ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ಒಳಹೋಗಬೇಕು. ಆದರೆ ಲೋಟ ಎತ್ತಿ ಗಟಗಟನೆ ಕುಡಿಯುವ ಜಠರ ಈಗ ನಿಮ್ಮಲ್ಲಿಲ್ಲ. ಔಷಧಿಯ ಬಾಟಲಿಯ ಜೊತೆ ಬರುವ 30 ಮಿಲಿಲೀಟರ್‌ನ ಪುಟ್ಟ ಅಳತೆಯ ಕಪ್ಪನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಿ: ಹದಿನೈದು ನಿಮಿಷಕ್ಕೊಂದು ಕಪ್ಪಿನಂತೆ ಗುಟುಕುಗುಟುಕಾಗಿ ಕುಡಿದರೆ ಗಂಟೆಗೆ 120 ಮಿಲಿಲೀಟರ್ ಆಗುತ್ತದೆ, ಹದಿಮೂರು ಗಂಟೆಗೆ ಒಂದೂವರೆ ಲೀಟರ್ ದಾಟುತ್ತದೆ. ಅಂದರೆ ಎಚ್ಚರವಿರುವಷ್ಟು ಹೊತ್ತೂ ಇದೊಂದು ಕೆಲಸವೇ. ಬಾಯಾರಿಕೆ ಆಗಲಿ ಎಂದು ಕಾಯುವವರು ಸಂಜೆಯ ಹೊತ್ತಿಗೆ ಹಿಂದೆ ಬೀಳುತ್ತಾರೆ, ಹಿಂದೆ ಬಿದ್ದದ್ದನ್ನು ಒಮ್ಮೆಗೇ ಕುಡಿದು ಸರಿದೂಗಿಸಲು ಈ ಜಠರದಲ್ಲಿ ಜಾಗವಿಲ್ಲ. ಮೂತ್ರದ ಬಣ್ಣ ಗಾಢವಾಗುವುದು, ಎದ್ದು ನಿಂತಾಗ ತಲೆ ತಿರುಗುವುದು, ನಾಲಿಗೆ ಒಣಗುವುದು, ಇವು ನೀರು ಸಾಲದೆಂಬ ಗುರುತುಗಳು. ವಾಕರಿಕೆ ಬಂದಾಗ ಕುಡಿಯುವುದನ್ನೇ ನಿಲ್ಲಿಸುವ ತಪ್ಪು ತುಂಬ ಸಾಮಾನ್ಯ. ವಿಚಿತ್ರವೆಂದರೆ ನೀರಿನ ಕೊರತೆಯೇ ಅನೇಕ ಸಲ ವಾಕರಿಕೆಯನ್ನು ಹೆಚ್ಚಿಸುತ್ತಿರುತ್ತದೆ. ತಣ್ಣೀರು ಸೇರದಿದ್ದರೆ ಬೆಚ್ಚಗಿನದನ್ನು, ಬೆಚ್ಚಗಿನದು ಸೇರದಿದ್ದರೆ ಮಂಜುಗಡ್ಡೆಯ ಚೂರನ್ನು ಪ್ರಯತ್ನಿಸಬೇಕು. ಗ್ಯಾಸ್ ತುಂಬಿದ ಪಾನೀಯಗಳು ಬೇಡ. ಸ್ಟ್ರಾ ಬಳಸಿದರೆ ಗಾಳಿಯೂ ಒಳಹೋಗುತ್ತದೆಂದು ಅದನ್ನೂ ಹೆಚ್ಚಿನವರು ಬೇಡವೆನ್ನುತ್ತಾರೆ. ರುಬ್ಬಿದ ಆಹಾರ ಆರಂಭಿಸಿದ ದಿನದಿಂದ ಊಟವನ್ನೂ ನೀರನ್ನೂ ಬೇರೆಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು, ಊಟವಾದ ಮೇಲೆ ಅರ್ಧ ಗಂಟೆ ಏನನ್ನೂ ಕುಡಿಯಬಾರದು.

ನೀರಿನ ನಂತರದ ಸ್ಥಾನ ಪ್ರೋಟೀನಿನದು. ದಿನಕ್ಕೆ 60ರಿಂದ 80 ಗ್ರಾಂ ಎಂಬುದು ಸಾಮಾನ್ಯ ಗುರಿ. ಗಾಯ ಮಾಯುವುದಕ್ಕೂ, ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗಿಹೋಗದಂತೆ ಕಾಪಾಡುವುದಕ್ಕೂ ಇದು ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ. ಒಂದು ಹೊತ್ತಿಗೆ ನಾಲ್ಕಾರು ಚಮಚಕ್ಕಿಂತ ಹೆಚ್ಚು ಹಿಡಿಸದ ಜಠರಕ್ಕೆ ಊಟವೊಂದರಿಂದಲೇ ಈ ಗುರಿ ಮುಟ್ಟುವುದು ಆರಂಭದ ವಾರಗಳಲ್ಲಿ ಅಸಾಧ್ಯ. ಪ್ರೋಟೀನ್ ಪುಡಿಯನ್ನು ಆಹಾರತಜ್ಞರು ಬರೆದುಕೊಡುವುದು ಅದಕ್ಕಾಗಿಯೇ. ತಟ್ಟೆಯಲ್ಲಿ ಏನೇ ಇದ್ದರೂ ಪ್ರೋಟೀನಿನ ಅಂಶವನ್ನು ಮೊದಲು ತಿನ್ನಿ, ಉಳಿದದ್ದಕ್ಕೆ ಜಾಗವಿದ್ದರೆ ಉಳಿದದ್ದು. ಸಿಹಿಯನ್ನು, ಅದರಲ್ಲೂ ದ್ರವರೂಪದ ಸಿಹಿಯನ್ನು ದೂರವಿಡಬೇಕು. ಬೈಪಾಸ್ ಆದವರಲ್ಲಿ ಸಕ್ಕರೆ ನೇರವಾಗಿ ಕರುಳಿಗೆ ಇಳಿದು, ತಿಂದ ಹತ್ತರಿಂದ ಮೂವತ್ತು ನಿಮಿಷಗಳೊಳಗೆ ಎದೆ ಡವಡವ ಎನ್ನುವುದು, ಬೆವರು, ಹೊಟ್ಟೆ ನುಲಿತ, ಭೇದಿ ಕಾಣಿಸಿಕೊಳ್ಳಬಹುದು. ಇದನ್ನೇ ಡಂಪಿಂಗ್ ಎನ್ನುತ್ತಾರೆ.

ಈಗ ಒಂದು ಗಂಭೀರ ವಿಷಯ. ವಾಂತಿ ಆಗೊಮ್ಮೆ ಈಗೊಮ್ಮೆ ಆದರೆ ಅದು ಬಹುಮಟ್ಟಿಗೆ ಬೇಗ ತಿಂದದ್ದರ ಅಥವಾ ಹೆಚ್ಚು ತಿಂದದ್ದರ ಫಲ. ಆದರೆ ಒಂದು ದಿನಕ್ಕೂ ಹೆಚ್ಚು ಕಾಲ ನೀರೂ ನಿಲ್ಲದಂತೆ ವಾಂತಿಯಾಗುತ್ತಿದ್ದರೆ, ಅಥವಾ ವಾರಗಟ್ಟಲೆ ದಿನವೂ ವಾಂತಿಯಾಗುತ್ತಿದ್ದರೆ, "ಈ ಶಸ್ತ್ರಚಿಕಿತ್ಸೆಯಾದವರಿಗೆ ಇದೆಲ್ಲ ಸಹಜ" ಎಂದು ಸಮಾಧಾನ ಹೇಳುವವರ ಮಾತನ್ನು ದಯವಿಟ್ಟು ಕೇಳಬೇಡಿ. ಥಯಮಿನ್, ಅಂದರೆ ವಿಟಮಿನ್ ಬಿ1, ನಮ್ಮ ದೇಹದಲ್ಲಿ ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ ಸಂಗ್ರಹವಾಗಿರುತ್ತದೆ. ಊಟ ಕಡಿಮೆ, ಅದರ ಮೇಲೆ ವಾಂತಿ ಎಂದಾದರೆ ಅದು ಬೇಗ ಬರಿದಾಗುತ್ತದೆ. ಆಗ ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು, ಮಾತಿನಲ್ಲಿ ನೆನಪಿನಲ್ಲಿ ಗೊಂದಲ ಶುರುವಾಗುತ್ತದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಇದಕ್ಕೆ ವರ್ನಿಕೆ ಎನ್‌ಸೆಫಲೋಪತಿ ಎಂದು ಹೆಸರು. ಸಕಾಲದಲ್ಲಿ ಕೊಡುವ ಥಯಮಿನ್ ಇಂಜೆಕ್ಷನ್‌ನಿಂದ ತಡೆಯಬಹುದಾದ ಹಾನಿ ಇದು ಎಂಬ ಕಾರಣಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ತುರ್ತು ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ನಿಮಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿದೆ, ಇಷ್ಟು ದಿನದಿಂದ ವಾಂತಿಯಾಗುತ್ತಿದೆ ಎಂಬುದನ್ನು ಬಾಗಿಲಲ್ಲೇ ತಿಳಿಸಿ. ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಹಾಕಿದರೆ ಸ್ಥಿತಿ ಇನ್ನಷ್ಟು ಹದಗೆಡಬಹುದು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಇತರ ಲಕ್ಷಣಗಳೂ ಮನೆಯವರಿಗೆ ಗೊತ್ತಿರಲಿ: ಸುಮ್ಮನೆ ಕೂತಿರುವಾಗಲೂ ನಾಡಿಬಡಿತ ನಿಮಿಷಕ್ಕೆ 120ರ ಮೇಲೆಯೇ ನಿಂತಿರುವುದು, ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಕಪ್ಪು ಮಲ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಗೆ ತುಂಬಿದ್ದ ಗಾಳಿಯಿಂದ ಮೊದಲ ಕೆಲವು ದಿನ ಹೆಗಲು ನೋಯುವುದುಂಟು, ಅದು ಓಡಾಡಿದಂತೆ ಕಡಿಮೆಯಾಗುತ್ತದೆ. ಕಡಿಮೆಯಾದ ಮೇಲೆ ಎಡಹೆಗಲಲ್ಲಿ ಹೊಸದಾಗಿ ನೋವು ಬಂದು ಜೊತೆಗೆ ಜ್ವರವೂ ಇದ್ದರೆ ಅದನ್ನು ಗಾಳಿಯ ನೋವೆಂದು ಕಡೆಗಣಿಸಬಾರದು.

ಔಷಧಿಗಳ ವಿಷಯದಲ್ಲಿ ಎರಡು ಮಾತು. ಮಧುಮೇಹ ಮತ್ತು ರಕ್ತದೊತ್ತಡಕ್ಕೆ ಮೊದಲು ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಅಗತ್ಯಕ್ಕಿಂತ ಹೆಚ್ಚಾಗಬಹುದು, ಕಾರಣ ಸಕ್ಕರೆಯ ಮಟ್ಟ ತೂಕಕ್ಕಿಂತ ಮೊದಲೇ, ಎಷ್ಟೋ ಸಲ ಮೊದಲ ವಾರದಲ್ಲೇ ಇಳಿಯತೊಡಗುತ್ತದೆ. ಆದ್ದರಿಂದ ಮನೆಯಲ್ಲಿ ಸಕ್ಕರೆಯನ್ನು ಅಳೆದುಕೊಳ್ಳುತ್ತ, ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಜಠರದಲ್ಲಿ, ಬೈಪಾಸ್ ಆಗಿದ್ದರೆ ಜೋಡಣೆಯ ಜಾಗದಲ್ಲೇ, ಹುಣ್ಣು ಮಾಡಬಲ್ಲವು, ಧೂಮಪಾನವೂ ಅಷ್ಟೇ. ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಜೀವನಪೂರ್ತಿ ಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಮೂರನೇ ವಾರದ ಹೊತ್ತಿಗೆ ತೂಕದ ಯಂತ್ರದ ಮುಳ್ಳು ಕೆಲವು ದಿನ ಅಲುಗಾಡದೆ ನಿಲ್ಲುವುದು ಬಹಳ ಮಂದಿಯ ಅನುಭವ. ಆಗ ಗಾಬರಿಯಾಗಿ ಊಟವನ್ನು ಇನ್ನೂ ಕಡಿಮೆ ಮಾಡುವವರಿದ್ದಾರೆ, ಇಷ್ಟು ಕಷ್ಟಪಟ್ಟರೂ ಫಲವಿಲ್ಲವೆಂದು ಬೇಸತ್ತು ಸಿಕ್ಕಿದ್ದನ್ನು ತಿನ್ನುವವರೂ ಇದ್ದಾರೆ. ಎರಡೂ ಬೇಡ. ತೂಕ ಇಳಿಯುವುದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದವರೆಗೆ ಮುಂದುವರಿಯುತ್ತದೆ, ನಡುವೆ ಹೀಗೆ ಹಲವು ಬಾರಿ ನಿಂತು ಮುಂದೆ ಸಾಗುತ್ತದೆ.

ಗಟ್ಟಿ ಆಹಾರಕ್ಕೆ ವೈದ್ಯರು ಒಪ್ಪಿಗೆ ಕೊಟ್ಟ ದಿನ ಬಂದಾಗಲೂ ಒಂದು ದಿನಕ್ಕೆ ಒಂದೇ ಹೊಸ ಪದಾರ್ಥವನ್ನು ಪ್ರಯತ್ನಿಸಿ. ಬಟಾಣಿಕಾಳಿನಷ್ಟು ತುತ್ತು, ಬಾಯಲ್ಲೇ ಗಂಜಿಯಾಗುವಷ್ಟು ಅಗಿಯುವುದು, ತುತ್ತು ತುತ್ತಿನ ನಡುವೆ ಚಮಚವನ್ನು ಕೆಳಗಿಡುವುದು, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಊಟ ಮುಗಿಸಿ ಏಳುವುದು. ಮೊದಲ ಒತ್ತಡ ಅನಿಸಿದೊಡನೆ ನಿಲ್ಲಿಸಿ, ತಟ್ಟೆಯಲ್ಲಿ ಒಂದೇ ಚಮಚ ಉಳಿದಿದ್ದರೂ ಸರಿ. ಒಣಗಿದ ಕೋಳಿಮಾಂಸ, ಮೆತ್ತಗಿನ ಬ್ರೆಡ್ಡು, ಮುದ್ದೆಗಟ್ಟುವ ಅನ್ನ, ನಾರಿನ ತರಕಾರಿ ಹೆಚ್ಚಿನವರಿಗೆ ಕೊನೆಯಲ್ಲಿ ಒಗ್ಗುವಂಥವು. ಯಾವುದಾದರೂ ಸೇರದಿದ್ದರೆ ಒಂದೆರಡು ದಿನ ಹಿಂದಿನ ಹಂತದ ಆಹಾರಕ್ಕೆ ಮರಳಿ, ಮೂರು ನಾಲ್ಕು ವಾರ ಬಿಟ್ಟು ಅದನ್ನೇ ಮತ್ತೆ ಪ್ರಯತ್ನಿಸಬಹುದು. ಈಗ ಸೇರದ್ದು ಎಂದೆಂದಿಗೂ ಸೇರದು ಎಂದೇನೂ ಅಲ್ಲ. ಏನು ತಿಂದಿರಿ, ಎಷ್ಟು ಚಮಚ, ಆಮೇಲೆ ಹೇಗನ್ನಿಸಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ಆಹಾರತಜ್ಞರ ಮುಂದಿಡಿ.