ಒಂದೇ ಪಾಸಮ್, ಎರಡು ಕಾಡು

ನೀಲಗಿರಿ ತೋಪಿನ ಪಕ್ಕ ಮೇಕೆ ಮೇಯಿಸಿದವರಿಗೆ ಇದು ಗೊತ್ತು. ಬಿದ್ದ ಎಲೆಗೆ ಮೇಕೆ ಮೂಗು ತಾಗಿಸಿ ಸುಮ್ನೆ ಮುಂದೆ ಹೋಗುತ್ತದೆ. ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ನೋಡಿ, ಕಾರಣ ನಿಮ್ಮ ಮೂಗಿಗೂ ತಿಳಿಯುತ್ತದೆ. ನ್ಯೂಜಿಲೆಂಡಿನ ಕಾಡು ಯಾಕೆ ಸೊರಗಿತು ಅನ್ನೋದಕ್ಕೆ ಅರ್ಧ ಉತ್ತರ ಆ ಘಾಟಿನಲ್ಲೇ ಇದೆ.

ಆ ಕಾಡನ್ನು ಸೊರಗಿಸಿದ್ದು ಪಾಸಮ್ ಎಂಬ ಪ್ರಾಣಿ. ಬೆಕ್ಕಿನಷ್ಟು ದೊಡ್ಡದು, ಪೊದೆಯಂಥ ಬಾಲ, ಹೊಟ್ಟೆಯ ಚೀಲದಲ್ಲಿ ಮರಿ. (ಸತ್ತಂತೆ ಬಿದ್ದುಕೊಳ್ಳುವ ಅಮೆರಿಕದ ಒಪಾಸಮ್ ಬೇರೆಯೇ ಪ್ರಾಣಿ, ದಯವಿಟ್ಟು ಎರಡನ್ನೂ ಬೆರೆಸಬೇಡಿ.) ಹುಟ್ಟೂರು ಆಸ್ಟ್ರೇಲಿಯಾ, ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ. ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ನ್ಯೂಜಿಲೆಂಡಿಗೆ ತಂದು ಬಿಟ್ಟವು ಉಳಿಯಲಿಲ್ಲ. 1858ರಲ್ಲಿ ಬಿಟ್ಟವು ನೆಲೆಯೂರಿದವು. 1951ರ ಹೊತ್ತಿಗೆ ಅದನ್ನು ಕೊಂದವರಿಗೆ ಸರ್ಕಾರವೇ ದುಡ್ಡು ಕೊಡಬೇಕಾಯಿತು. 1980ರ ದಶಕದಲ್ಲಿ 6–7 ಕೋಟಿ ಇದ್ದವೆಂದು ಅಂದಾಜು.

ಆಸ್ಟ್ರೇಲಿಯಾದಲ್ಲಿ ಸಾಧು, ನ್ಯೂಜಿಲೆಂಡಿನಲ್ಲಿ ಪಿಡುಗು. ಹೇಗೆ? ಹಿಡಿದು ತಿನ್ನುವ ಪ್ರಾಣಿಗಳಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದೂ ನಿಜವೇ. ಆದರೆ ಎಲೆಯ ಕಥೆಯನ್ನು ಯಾರೂ ಹೇಳೋದೇ ಇಲ್ಲ. ನೀಲಗಿರಿ ಎಲೆಯಲ್ಲಿ ವಿಷಗಳಿವೆ. ಪಾಸಮ್ ಸ್ವಲ್ಪ ತಿನ್ನುತ್ತದೆ, ಅಷ್ಟರಲ್ಲೇ ಹೊಟ್ಟೆ ತೊಳಸುತ್ತದೆ, ಲಿವರ್ ಆ ವಿಷ ಕಳೆಯೋವರೆಗೆ ಕಾಯಬೇಕು, ಇಲ್ಲವೇ ಬೇರೆ ಜಾತಿಯ ಮರ ಹುಡುಕಬೇಕು. ಊಟದ ಎಲೆಗೆ ಎಷ್ಟೊಂದು ಹಾಗಲಕಾಯಿ ಗೊಜ್ಜು ಬಡಿಸಿದರೂ ನೀವು ತಿನ್ನೋದು ಎರಡು ತುತ್ತು, ಅಲ್ವಾ? ಅಥವಾ ಕೆರೆಯ ತೂಬು ನೆನೆಸಿಕೊಳ್ಳಿ. ಕೆರೆಯಲ್ಲಿ ನೀರೆಷ್ಟೇ ಇರಲಿ, ಹೊರಗೆ ಹರಿಯೋದು ತೂಬು ಬಿಟ್ಟಷ್ಟೇ. ಪಾಸಮ್‌ನ ಲಿವರ್ ಆ ತೂಬು.

ನ್ಯೂಜಿಲೆಂಡಿನಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲಿನ ಮೂಲ ಸಸ್ತನಿಯೇ ಇರಲಿಲ್ಲ. ಗಿಡ ಮೇಯುತ್ತಿದ್ದುದು ಮೋವಾ ಎಂಬ ದೈತ್ಯ ಹಕ್ಕಿ. ಅದರ ಕೊಕ್ಕಿಗೆ ಸಿಗಬಾರದೆಂದೇ ಅಲ್ಲಿಯ ಎಷ್ಟೋ ಗಿಡಗಳು ತಂತಿಯಂಥ ಹೆಣೆದ ಕೊಂಬೆ, ಪುಟ್ಟ ಎಲೆ ಬೆಳೆಸಿಕೊಂಡವು ಅಂತ ಹಲವು ವಿಜ್ಞಾನಿಗಳ ವಾದ. ರಾತ್ರಿ ಮರ ಹತ್ತಿ ಬರುವ ಪಾಸಮ್‌ನ ಹಲ್ಲುಗಳಿಗೆ ಮಾತ್ರ ಅವು ತಯಾರಿರಲಿಲ್ಲ. ರಾಟಾ, ಕಾಮಾಹಿ ಮರಗಳ ಎಲೆ ತಿಂದರೆ ಹೊಟ್ಟೆ ಅಷ್ಟು ತೊಳಸೋದಿಲ್ಲ. ತೂಬು ಪೂರಾ ತೆರೆದ ಹಾಗೆ. ಹಿಡಿಸಿದ ಮರಕ್ಕೇ ದಿನಾ ರಾತ್ರಿ ಬಂದು, ಚಿಗುರಿದ್ದನ್ನೆಲ್ಲ ತಿಂದು, ಕೊನೆಗೆ ಮರ ಬರಿ ಕಡ್ಡಿಯಾಗಿ ನಿಲ್ಲುತ್ತದೆ.

"ಪಾಪ, ಸೊಪ್ಪು ತಿನ್ನೋ ಪ್ರಾಣಿ" ಅನ್ನೋರೂ ಇದ್ದರು. 1993ರಲ್ಲಿ ಕೋಕಾಕೋ ಹಕ್ಕಿಯ ಗೂಡಿಗೆ ಕ್ಯಾಮೆರಾ ಇಟ್ಟಾಗ ಪಾಸಮ್ ಮೊಟ್ಟೆ, ಮರಿ ತಿನ್ನುವುದು ಸೆರೆಯಾಯಿತು. ದನಗಳಿಗೆ ಕ್ಷಯ ಹರಡುವುದೂ ಇದೇ.

ಅದನ್ನು ಕೊಲ್ಲಲು ಹಾಕುವ 1080 ಎಂಬ ವಿಷದ ಬಗ್ಗೆ ಅಲ್ಲಿ ಜಗಳ ನಿಂತಿಲ್ಲ. ನಾಯಿಗಳಿಗೆ ಅದು ತುಂಬಾ ಅಪಾಯ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದು ಲ್ಯಾಬಿನಲ್ಲಿ ಮಾತ್ರ ಹುಟ್ಟಿದ ವಿಷ ಅನ್ನೋದು ತಪ್ಪು. ಪಶ್ಚಿಮ ಆಸ್ಟ್ರೇಲಿಯಾದ ಕೆಲವು ಗಿಡಗಳ ಎಲೆಯಲ್ಲಿ ಅದು ತಾನಾಗೇ ಇದೆ, ಆ ಗಿಡಗಳ ನಡುವೆ ಬಾಳಿದ ಪಾಸಮ್‌ಗಳು ಅದನ್ನು ಎಷ್ಟೋ ತಾಳಿಕೊಳ್ಳುತ್ತವೆ. ನ್ಯೂಜಿಲೆಂಡಿನವಕ್ಕೆ ಆ ಶಕ್ತಿ ಇಲ್ಲ.

ನ್ಯೂಜಿಲೆಂಡಿನ ಕಾಪಿಟಿ ದ್ವೀಪದಲ್ಲಿ 1986ರ ಹೊತ್ತಿಗೆ ಒಂದೂ ಪಾಸಮ್ ಉಳಿಯಲಿಲ್ಲ. ಅಲ್ಲಿ ಕೋಹೆಕೋಹೆ ಅಂತ ನಮ್ಮ ಬೇವಿನ ಬಳಗದ್ದೇ ಒಂದು ಮರವಿದೆ, ಹಲಸು ಕಾಂಡದಲ್ಲೇ ಕಾಯಿ ಬಿಡುವ ಹಾಗೆ ಅದು ಕಾಂಡದಿಂದಲೇ ಹೂಗೊಂಚಲು ಇಳಿಬಿಡುತ್ತದೆ. ಪಾಸಮ್ ಹೋದ ಮೇಲೆ ಆ ಮರ ಮತ್ತೆ ಮೈತುಂಬ ಹೂ ಬಿಟ್ಟಿತು.